ಹುಳುಮನೆ ಬಾಗಿಲ ತೊಟ್ಟಿ

ಹೊಂಗನೂರಿನ ಬೋರಮ್ಮನ ಹುಳುಮನೆಗೆ ಕಾಲು ಅದ್ದದೆ ಒಳಗೆ ಹೋದವರು ಈ ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ಇಲ್ಲ. ಹೊಸ್ತಿಲ ಮುಂದೆ ಒಂದು ಗೇಣು ಆಳದ ಸಿಮೆಂಟು ತೊಟ್ಟಿ ಇದೆ. ಅದರಲ್ಲಿ ದಿನಾ ಬೆಳಗ್ಗೆ ಹೊಸದಾಗಿ ಕದಡಿದ ಬ್ಲೀಚಿಂಗ್ ಪುಡಿಯ ನೀರು. ಒಳಗೆ ಹೋಗುವವರು ಎರಡೂ ಪಾದಗಳನ್ನು ಅದರಲ್ಲಿ ಅದ್ದಬೇಕು, ಪಕ್ಕದ ಬಕೆಟ್ಟಿನಲ್ಲಿ ಕೈ ಅದ್ದಬೇಕು. ಸೊಪ್ಪಿನ ಕುಕ್ಕೆಯಾಗಲಿ, ಕುಡುಗೋಲಾಗಲಿ, ಕುಡಿಯುವ ನೀರಿನ ಚೊಂಬೇ ಆಗಲಿ, ಆ ನೀರು ಕಾಣದೆ ಹೊಸ್ತಿಲು ದಾಟುವಂತಿಲ್ಲ. ಒಂದು ಸಲ ರೇಷ್ಮೆ ಇಲಾಖೆಗೆ ಹೊಸದಾಗಿ ಬಂದಿದ್ದ ಸಾಹೇಬರು ಬೂಟುಗಾಲಲ್ಲೇ ಒಳಕ್ಕೆ ನುಗ್ಗಲು ಹೋದಾಗ ಬೋರಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

“ನೀವು ಆಪೀಸ್‌ನಲ್ಲಿ ಸಾಯೇಬ್ರು. ಇಲ್ಲಿ ನನ್ನ ಹುಳ ಸಾಯೇಬ್ರು. ಬೂಟು ಬುಚ್ಚಿ.”

ಸಾಹೇಬರು ಬೂಟು ಬಿಚ್ಚಿ, ಪ್ಯಾಂಟು ಮಡಿಚಿಕೊಂಡು ತೊಟ್ಟಿಗಿಳಿದರು. ಮುಂದಿನ ತಿಂಗಳು ಅವರೇ ವಿರೂಪಾಕ್ಷಿಪುರದ ಕಡೆಯ ಇಪ್ಪತ್ತು ಜನ ರೈತರನ್ನು ವ್ಯಾನಿನಲ್ಲಿ ಕರೆತಂದು, “ಹುಳುಮನೆ ಅಂದ್ರೆ ಹಿಂಗಿರಬೇಕು, ನೋಡ್ಕಳಿ” ಎಂದು ತೋರಿಸಿದರು. ಸುತ್ತಮುತ್ತಲ ಊರುಗಳಲ್ಲಿ ಸುಣ್ಣಕಟ್ಟು ರೋಗ ಬಂದು ಹುಳು ಬೆಳ್ಳಗೆ ಬೂಷ್ಟು ಹಿಡಿದು, ಸೀಮೆಸುಣ್ಣದ ಕಡ್ಡಿಯ ಹಾಗೆ ಸೆಟೆದು ಸತ್ತ ವರ್ಷಗಳಲ್ಲೂ ಬೋರಮ್ಮನ ಬೆಳೆ ಕೈಕೊಟ್ಟಿರಲಿಲ್ಲ. ಗಂಡ ಚೆಲುವಯ್ಯ ಬಿಳೀ ಷರ್ಟು ತೊಟ್ಟು ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿಕೊಂಡು ಹೋಗುತ್ತಿದ್ದ. ಅಲ್ಲಿ ಜನ ಗೂಡನ್ನು ಕೈಯಲ್ಲಿ ಹಿಚುಕಿ ನೋಡಿ ತಲೆಯಾಡಿಸಿದರೆ, ಹುಳು ಮೇಯಿಸಿದವನು ತಾನೇ ಎಂಬಂತೆ ಮೀಸೆ ತಿರುವಿಕೊಂಡು ಬರುತ್ತಿದ್ದ. ಬೋರಮ್ಮ ಅದಕ್ಕೆ ನಗುತ್ತಿದ್ದಳೇ ಹೊರತು ಬೇಸರ ಮಾಡಿಕೊಂಡವಳಲ್ಲ. ಗೂಡಿಗೆ ಗೊತ್ತಲ್ಲ, ಅಷ್ಟು ಸಾಕಿತ್ತು ಅವಳಿಗೆ.

ಇಂಥ ಬೋರಮ್ಮನಿಗೆ ಕೆಮ್ಮು ಹತ್ತಿ ಎರಡು ವರ್ಷವಾಗಿತ್ತು.

ಮೊದಲು ಬೆಳಗಿನ ಹೊತ್ತು ಮಾತ್ರ ಇತ್ತು. ಆಮೇಲೆ ಹಾಸಿಗೆ ಕಸ ತೆಗೆಯುವಾಗ, ಅಂದರೆ ಹುಳುಗಳ ಕೆಳಗೆ ಉಳಿದ ಒಣ ಸೊಪ್ಪು, ಹಿಕ್ಕೆ ಬಾಚುವಾಗ, ಎದೆ ಹಿಡಿದುಕೊಂಡು ಕೂರುವ ಹಾಗಾಯಿತು. ಸುಣ್ಣದ ಪುಡಿ ಎರಚಿದ ದಿನವಂತೂ ಉಸಿರು ಕೊಳಲಿನ ಹಾಗೆ ಸುಯ್ಯೆನ್ನುತ್ತಿತ್ತು. ಪೇಟೆಯ ಡಾಕ್ಟರು ಕೊಟ್ಟ ಮಾತ್ರೆ ಒಂದು ವಾರ ತಡೆಯುತ್ತಿತ್ತು, ಮತ್ತೆ ಅದೇ ಕತೆ. ಕುಪ್ಪಸ ಸಡಿಲವಾಗಿ ಎರಡು ಸಲ ಹೊಲಿಗೆ ಹಾಕಿಸಿದಳು. ಇಪ್ಪತ್ಮೂರನೇ ವಯಸ್ಸಿನಲ್ಲಿ ಅವಳಿಗೆ ಟಿ.ಬಿ. ಬಂದು, ಚನ್ನಪಟ್ಟಣದ ಸರ್ಕಾರಿ ಆಸ್ಪತ್ರೆಯ ಮಾತ್ರೆ ಒಂದೂ ತಪ್ಪಿಸದೆ ನುಂಗಿ ವಾಸಿ ಮಾಡಿಕೊಂಡಿದ್ದಳು. ಅದು ತಿರುಗಿ ಬಂದಿದೆಯೇನೋ ಎಂಬ ಅನುಮಾನ ಒಳಗೇ ಇತ್ತು. ಆದರೆ ಅವಳು ಹೆದರಿದ್ದು ರೋಗಕ್ಕಲ್ಲ. ದೊಡ್ಡಾಸ್ಪತ್ರೆಗೆ ಹೋದರೆ ಡಾಕ್ಟರು ಹುಳು ಬಿಡು ಅನ್ನುತ್ತಾರೆ ಎಂಬುದಕ್ಕೆ.

ಒಂದು ಮಧ್ಯಾಹ್ನ ಸೆರಗಿಗೆ ಕೆಮ್ಮಿದಾಗ ಕೆಂಪು ಕಂಡಿತು. ಬೋರಮ್ಮ ಸೀರೆ ನೆನೆಹಾಕಿದಳು. ನೆನೆಹಾಕಿದ ಸೀರೆ ಸೊಸೆ ಪ್ರತಿಮಾಳ ಕಣ್ಣಿಗೆ ಬಿತ್ತು. ಪ್ರತಿಮಾ ಊರಿನ ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡುವ ಕೆಲಸ ಮಾಡುವವಳು. ಹಾಲಿಗೆ ನೀರು ಬೆರೆಸಿದವರನ್ನು ಮುಖ ನೋಡಿಯೇ ಹಿಡಿಯುತ್ತಾಳೆಂದು ಊರಲ್ಲಿ ಮಾತಿತ್ತು.

“ಅತ್ತೆ, ಇದೇನು?”

“ಎಲೆಅಡಿಕೆ ಕಣವ್ವ. ಉಗುಳುವಾಗ ಸಿಡೀತು.”

“ನೀವು ಎಲೆಅಡಿಕೆ ಹಾಕಿದ್ದು ಯಾವತ್ತು? ಹೊಗೆಸೊಪ್ಪಿನ ವಾಸ್ನೆ ಹುಳಕ್ಕಾಗಲ್ಲ ಅಂತ ಮಾವುನ್ ಕೈಲೇ ಮನೇಲಿ ಬೀಡಿ ಬುಡ್ಸಿದೋರು. ನಾಳೆ ಏಳು ಗಂಟೆ ರೈಲಿಗೆ ಹೊರಡಿ.”

“ಹುಳ ಮೂರನೇ ಜ್ವರಕ್ಕೆ ಕೂತವೆ ಕಣಮ್ಮಿ.”

ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಸುಮ್ಮನೆ ಕೂರುವುದನ್ನು ಆ ಕಡೆ ಜ್ವರ ಎನ್ನುತ್ತಾರೆ.

“ಹುಳದ್ ಜ್ವರ ತಾನಾಗೇ ಬುಡ್ತದೆ. ನಿಮ್ದು ಬುಡ್ತಿಲ್ವಲ್ಲ!” ಎಂದಳು ಪ್ರತಿಮಾ. “ಜ್ವರಕ್ಕೆ ಕೂತಿರೋವಾಗ ಸೊಪ್ಪೂ ಬ್ಯಾಡ. ಹೋಗ್ಬುಟ್ಟು ಬರೋಕೆ ಇದ್ಕಿಂತ ಒಳ್ಳೆ ದಿನ ಸಿಕ್ಕಲ್ಲ.”

ಬೋರಮ್ಮ ಹಳೇ ಆಸ್ಪತ್ರೆ ಚೀಟಿ ಹುಡುಕಲು ಎದ್ದಳು.

ಬೆಂಗಳೂರಿನ ಎದೆರೋಗದ ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ನೋಡಿದವರು ಡಾಕ್ಟರ್ ಮುನವ್ವರಾ. ನಲವತ್ತರ ಆಸುಪಾಸಿನ ಹೆಂಗಸು, ತಲೆಯ ಮೇಲೆ ತಿಳಿನೀಲಿ ದುಪಟ್ಟಾ, ಮಾತು ಮಾತ್ರ ರಾಮನಗರದ ಬೀದಿಯ ಕನ್ನಡ. ಬೆನ್ನಿಗೆ ಸ್ಟೆಥಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಅವಸರವಿಲ್ಲದೆ ಒಂದೊಂದೇ ಪ್ರಶ್ನೆ ಹಾಕಿದರು.

“ಏನು ಕೆಲಸ ಮಾಡ್ತೀರಮ್ಮ?”

“ಮನೆಗೆಲ್ಸ. ಒಸಿ ಹಸ ಕರ.”

ಪ್ರತಿಮಾ ಬಾಯಿ ತೆರೆದಳು. ಬೋರಮ್ಮ ಮೇಜಿನ ಕೆಳಗೆ ಅವಳ ತೊಡೆ ಚಿವುಟಿದಳು. ಪ್ರತಿಮಾ ಬಾಯಿ ಮುಚ್ಚಿಕೊಂಡಳು.

ಸ್ಕ್ಯಾನ್ ಆಯಿತು, ರಕ್ತ ತೆಗೆದರು. ಕಫದ ಪರೀಕ್ಷೆಗೆ ನರ್ಸಮ್ಮ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳನ್ನು ಕೊಟ್ಟು, ಬೆಳಗ್ಗೆ ಎದ್ದ ತಕ್ಷಣ ಬಾಯಿ ಮುಕ್ಕಳಿಸಿ ಎದೆಯಾಳದಿಂದ ಕೆಮ್ಮಿ ಬಂದದ್ದನ್ನು ಇದರಲ್ಲಿ ಹಾಕಿ ತರಬೇಕು, ಗಲೀಜಾಗಬಾರದು ಎಂದು ಎಚ್ಚರಿಸಿದಳು. ಗಲೀಜು! ಬೋರಮ್ಮನಿಗೆ ಒಳಗೇ ನಗು ಬಂತು. ಊರಿಗೆ ಬಂದ ಮೇಲೆ, ಆ ಮನೆಯ ಪಾತ್ರೆಗಳಿಗೆ ಏನು ಮರ್ಯಾದೆಯೋ ಅದೇ ಮರ್ಯಾದೆಯನ್ನು ಆ ಡಬ್ಬಿಗಳಿಗೂ ಮಾಡಿದಳು. ಪ್ರತಿಮಾಳ ಜೊತೆ ಮೊದಲ ರೈಲಿಗೆ ಹೋಗಿ ಕೊಟ್ಟು ಬಂದಳು.

ಒಂದೂವರೆ ತಿಂಗಳ ಮೇಲೆ ಬಂದ ಫಲಿತಾಂಶದಲ್ಲಿ ಏನೂ ಬೆಳೆದಿರಲಿಲ್ಲ. ಮತ್ತೆ ಕೊಟ್ಟಳು. ಮತ್ತೆ ಒಂದೂವರೆ ತಿಂಗಳು. ಮತ್ತೆ ಏನೂ ಇಲ್ಲ. ಇಷ್ಟರಲ್ಲಿ ಒಂದು ಬೆಳೆ ಗೂಡಾಗಿ ಹೋಗಿ ಇನ್ನೊಂದು ಬೆಳೆಯ ಚಾಕಿ ಹುಳು, ಅಂದರೆ ಎಳೆಯ ಮರಿಹುಳು, ಮನೆಗೆ ಬಂದಿತ್ತು. ಬೋರಮ್ಮನ ತೂಕ ಇನ್ನೂ ಮೂರು ಕಿಲೋ ಇಳಿದಿತ್ತು.

ಮೂರನೇ ಸಲ ಹೋದಾಗ ಡಾಕ್ಟರ್ ಮುನವ್ವರಾ ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. “ಇಲ್ಲಿ ನೋಡಿ. ಚಿಕ್ಕ ವಯಸ್ಸಲ್ಲಿ ಟಿ.ಬಿ. ಬಂದಿತ್ತಲ್ಲ, ಅದು ಹೋಗುವಾಗ ಶ್ವಾಸಕೋಶದ ಮೇಲ್ಗಡೆ ಒಂದು ಗುಂಡಿ ಬಿಟ್ಟು ಹೋಗಿದೆ. ಆ ಖಾಲಿ ಗುಂಡೀಲಿ ಈಗ ಯಾವುದೋ ಬಂದು ಮನೆ ಮಾಡ್ಕೊಂಡಿದೆ. ಉಂಡೆ ಥರ ಕಾಣ್ತಿದೆಯಲ್ಲ, ಅದೇ. ಹಳೇ ಟಿ.ಬಿ.ನೇ ತಿರುಗಿ ಬಂದಿದ್ಯೋ, ಬೇರೆ ಏನಾದ್ರೂ ಸೇರ್ಕೊಂಡಿದ್ಯೋ ಕಫದಲ್ಲೇ ಗೊತ್ತಾಗಬೇಕು. ಒಂದೊಂದಕ್ಕೆ ಒಂದೊಂದು ಔಷಧಿ, ಎಲ್ಲಾ ತಿಂಗಳುಗಟ್ಟಲೆ. ಕಣ್ಣು ಮುಚ್ಕೊಂಡು ಕೊಡೋಕಾಗಲ್ಲ. ಇಷ್ಟು ಕಫ ಇರೋ ಎದೇಲಿ ಏನೂ ಬೆಳೆಯದೆ ಇರೋಕೆ ಹೆಂಗೆ ಸಾಧ್ಯ ಅಂತ ನಾನು ಯೋಚನೆ ಮಾಡ್ತಿದ್ದೀನಿ.”

ಹಾಳೆ ಕೆಳಗಿಟ್ಟು ಕೇಳಿದರು. “ಅಮ್ಮ, ಬೇಜಾರು ಮಾಡ್ಕೋಬೇಡಿ. ಡಬ್ಬಿ ಏನಾದ್ರೂ ಗಲೀಜಾಗಿತ್ತಾ? ಮನೇಲಿ ಎಲ್ಲಾದ್ರೂ ತೆರೆದಿಟ್ಟಿದ್ರಾ?”

ಬೋರಮ್ಮನ ಬೆನ್ನು ನೆಟ್ಟಗಾಯಿತು. ಮೂರು ತಿಂಗಳಿಂದ ಬಿಗಿಹಿಡಿದಿದ್ದುದೆಲ್ಲ ಆ ಒಂದು ಮಾತಿಗೆ ಕಿತ್ತುಕೊಂಡು ಬಂತು.

“ಗಲೀಜಾ? ನಮ್ಮನೇಲಾ? ತಾಯಿ, ಇಪ್ಪತ್ತಾರು ವರ್ಸ ಹುಳ ಮೇಯ್ಸಿದ್ದೀನಿ, ಒಂದು ಬೆಳೆಗೆ ಸುಣ್ಣಕಟ್ಟು ಬಂದಿಲ್ಲ. ಬೇಕಾರೆ ಇಲಾಖೆಯೋರ್ನೇ ಕೇಳಿ. ನಮ್ಮ ಮನೆ ಚೊಂಬೂ ಬ್ಲೀಚಿಂಗ್ ನೀರಲ್ಲಿ ಮುಳುಗದೆ ಹೊಸ್ಲು ದಾಟಲ್ಲ. ನಿಮ್ಮ ಡಬ್ಬೀನೂ ಹಂಗೇಯ. ಒಳಗೂ ಹೊರಗೂ ಅದೇ ನೀರಲ್ಲಿ ಚೆಂದಾಗಿ ಅದ್ದಿ, ಹಂಗೇ ಒದರಿ, ಅದ್ರಲ್ಲಿ ಉಗುದು, ಮುಚ್ಚಳ ಹಾಕಿ ತಂದು ಕೊಟ್ಟಿವ್ನಿ. ಇನ್ನೆಂಗೆ ಸುದ್ದ ಮಾಡ್ಲಿ?”

ಪ್ರತಿಮಾ ಹಣೆಗೆ ಕೈ ಹಚ್ಚಿಕೊಂಡಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಗತೊಡಗಿದರು. ಕೀಟಲೆಯ ನಗೆಯಲ್ಲ. ಕಳೆದುಹೋಗಿದ್ದ ಬೀಗದಕೈ ಕೈಗೆ ಸಿಕ್ಕವರ ನಗೆ.

“ಅಮ್ಮ, ಬ್ಲೀಚಿಂಗ್ ನೀರಿಗೆ ಸುಣ್ಣಕಟ್ಟು ಏನಾಗುತ್ತೆ?”

“ಸಾಯ್ತದೆ. ಅದುಕ್ಕೇ ತಾನೇ ಹಾಕಾದು.”

“ಮತ್ತೆ ಡಬ್ಬೀಲಿ ನಾವು ಹುಡುಕ್ತಿದ್ದ ಕ್ರಿಮಿ ಏನಾಯ್ತು?”

ಬೋರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಮುಖ ಬಿಸಿಯಾಯಿತು. ಮೂರು ತಿಂಗಳು! ಮೂರು ಕಿಲೋ ಮೈ! ತನ್ನ ತೊಟ್ಟಿಯ ನೀರಿನಲ್ಲಿ ತಾನೇ ಕೊಂದು, ಹೆಣ ತಂದು ಕೊಟ್ಟು, ಇದು ಬೆಳೆಯುತ್ತದೆಯೇ ನೋಡಿ ಅಂದ ಹಾಗಾಗಿತ್ತು. ಜೊತೆಗೆ, ಮುಚ್ಚಿಟ್ಟಿದ್ದ ಹುಳುವಿನ ಸುದ್ದಿಯೂ ಮೇಜಿನ ಮೇಲೆ ಬಿದ್ದಿತ್ತು.

“ನಾಚ್ಕೋಬೇಡಿ” ಎಂದರು ಡಾಕ್ಟರು. “ನನ್ನ ಸರ್ವೀಸಲ್ಲಿ ಗಲೀಜು ಡಬ್ಬಿ ತಂದೋರು ಸಾವಿರ ಜನ. ಇಷ್ಟು ಶುದ್ಧ ಮಾಡಿ ತಂದೋರು ನೀವೊಬ್ರೇ. ಹೊಂಗನೂರು ಅಂದ್ರಲ್ವಾ? ನಮ್ಮ ಅಬ್ಬ ರಾಮನಗರದಲ್ಲಿ ನೂಲು ಬಿಚ್ಚೋರು. ನಿಮ್ಮ ಊರ ಗೂಡು ನಮ್ಮನೆ ಬಾಂಡ್ಲೀಲಿ ಎಷ್ಟು ಬೆಂದಿದೆಯೋ. ಆ ಕಡೆ ಗೂಡು ತಂದ ದಿನ ಎಳೆ ಕಡಿಯಲ್ಲ ಅಂತ ಅಬ್ಬ ಖುಷೀಲಿರೋರು.”

“ಹಂಗಾರೆ ನಮ್ಮನೇದೇ ಇರಬೇಕು ಬುಡಿ” ಎಂದಳು ಬೋರಮ್ಮ, ನಾಚಿಕೆಯ ನಡುವೆಯೂ.

ಅಂದೇ ಆಸ್ಪತ್ರೆಯಲ್ಲಿ, ನರ್ಸಮ್ಮ ಉಪ್ಪುನೀರಿನ ಹಬೆ ಹಿಡಿಸಿ, ಹೊಸ ಡಬ್ಬಿಯನ್ನು ತಾನೇ ತೆರೆದು ಕೊಟ್ಟಳು. ಬೋರಮ್ಮ ಅದನ್ನು ಒರೆಸಲೂ ಹೋಗಲಿಲ್ಲ.

ಈ ಸಲ ಬೆಳೆಯಿತು. ಡಾಕ್ಟರ್ ಮುನವ್ವರಾ ಅದರ ಫೋಟೋವನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದರು. ದುಂಡನೆಯ ಗಾಜಿನ ತಟ್ಟೆಯಲ್ಲಿ ಅಂಚಿಗೆ ಬಿಳಿ, ನಡುವೆ ಹಸಿರು ಬೂದಿ ಎರಚಿದ ಹಾಗೆ ಒಂದು ಮಚ್ಚೆ. ಬೋರಮ್ಮ ಮೊಬೈಲನ್ನು ಹತ್ತಿರಕ್ಕೆಳೆದುಕೊಂಡಳು.

“ಇದು ನಂಗೊತ್ತು. ಚಾಕಿ ಹುಳಕ್ಕೆ ಬತ್ತದೆ. ಮೊದ್ಲು ಬೆಳ್ಳಗೆ ನವುರಾಗಿರ್ತದೆ, ಆಮೇಲೆ ಹಸ್ರು ತಿರುಗ್ತದೆ. ತಟ್ಟೆ ಒದ್ದೆ ಇದ್ರೆ, ಕಸ ಮುಗ್ಗಿದ್ರೆ ಬರೋದು. ಬೂಷ್ಟು.”

“ಅದೇ ಕುಲ. ಟಿ.ಬಿ. ಅಲ್ಲ, ಅದು ಖಾತ್ರಿಯಾಯ್ತು. ಮುಗ್ಗಿದ ಸೊಪ್ಪು, ಗೊಬ್ಬರ ಕೆದಕಿದಾಗ ಧೂಳಿನ ಜೊತೆ ಎಲ್ರ ಎದೆಗೂ ಹೋಗುತ್ತೆ. ಬೇರೆಯವ್ರ ಎದೇಲಿ ಕೂರೋಕೆ ಜಾಗ ಸಿಗಲ್ಲ. ನಿಮ್ಮ ಎದೇಲಿ ಖಾಲಿ ಗುಂಡಿ ಸಿಕ್ತು.”

ಬೋರಮ್ಮ ಮೊಬೈಲನ್ನು ಹಿಂದಕ್ಕೆ ಕೊಟ್ಟಳು. ಹುಳುವಿನ ಹತ್ತಿರ ಸುಳಿಯಗೊಡದೆ ಇಪ್ಪತ್ತಾರು ವರ್ಷ ಬಾಗಿಲಲ್ಲಿ ತಡೆದದ್ದು ತನ್ನ ಎದೆಯೊಳಗೇ ಬಂದು ಕೂತಿತ್ತು. ಕೇಳಬೇಕಾದದ್ದನ್ನು ಈಗಲೇ ಕೇಳಿಬಿಡಬೇಕು ಅನ್ನಿಸಿತು.

“ಹುಳ ಬುಡು ಅಂತೀರಾ?”

ಡಾಕ್ಟರು ಹಾಳೆ ತಿರುವಿದರು, ಸ್ಕ್ಯಾನ್ ಇನ್ನೊಮ್ಮೆ ನೋಡಿದರು. “ಬಿಟ್ರೆ ಒಳ್ಳೇದು. ಆದ್ರೆ ಬಿಡಿ ಅಂದ್ರೆ ನೀವು ನನ್ನ ಹತ್ರ ಬರೋದು ಬಿಡ್ತೀರಿ, ಹುಳ ಬಿಡಲ್ಲ. ಮೂರು ಕೆಲಸ ನಿಮ್ದಲ್ಲ. ಕಸ ತೆಗೆಯೋದು, ಸುಣ್ಣ ಎರಚೋದು, ಗೊಬ್ಬರದ ಗುಂಡಿ ಹತ್ರ ಹೋಗೋದು. ಆ ಹೊತ್ತಲ್ಲಿ ಹುಳುಮನೆ ಒಳಗೂ ಇರಬಾರ್ದು. ಸೊಪ್ಪು ಹಾಕುವಾಗ ನಾನು ಹೇಳೋ ಮಾಸ್ಕೇ ಆಗಬೇಕು, ಸೆರಗು ಸುತ್ಕೊಂಡ್ರೆ ಆಗಲ್ಲ. ಮಾತ್ರೆ ಬೆಳಗ್ಗೆ ಒಂದು, ಸಂಜೆ ಒಂದು, ಊಟದ ಜೊತೆ. ತಿಂಗಳಿಗೊಂದ್ಸಲ ರಕ್ತ ಪರೀಕ್ಷೆ. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್. ಆಗ ಜಾಸ್ತಿ ಆಗಿದ್ರೆ ಹುಳುಮನೆಗೆ ಬೀಗ. ಒಪ್ಪಿಗೆನಾ?”

“ಒಪ್ಪಿವ್ನಿ” ಎಂದಳು ಬೋರಮ್ಮ.

ಒಪ್ಪಿ ಬಂದದ್ದು ಸುಲಭ, ಕಸ ತೆಗೆಯುವವರು ಯಾರು? ಪ್ರತಿಮಾಳಿಗೆ ಬೆಳಗ್ಗೆ ಸಂಜೆ ಡೈರಿ. ಮಗ ಕನಕಪುರದ ಕಡೆ ಟ್ರ್ಯಾಕ್ಟರ್ ಬಾಡಿಗೆಗೆ ಹೋದರೆ ಎರಡು ಮೂರು ದಿನ ಬರುವುದಿಲ್ಲ. ಉಳಿದವನು ಚೆಲುವಯ್ಯ. ಹಿಪ್ಪುನೇರಳೆ ತೋಟ ಅವನದು, ಮಾರುಕಟ್ಟೆ ಅವನದು. ಹಿಕ್ಕೆ ಬಾಚುವುದು ಆ ಊರಿನಲ್ಲಿ ಯಾವ ಯಜಮಾನನೂ ಮಾಡಿದ ಕೆಲಸವಲ್ಲ, ಅದು ಹೆಂಗಸರದು.

ಚೆಲುವಯ್ಯ ಎಲ್ಲವನ್ನೂ ಕೇಳಿಸಿಕೊಂಡ. ಎದ್ದು ಹೋಗಿ ಪಂಚೆ ಮೇಲಕ್ಕೆ ಕಟ್ಟಿಕೊಂಡು ಬಂದು ತೊಟ್ಟಿಯಲ್ಲಿ ಕಾಲಿಟ್ಟ.

“ನಿಂತ್ಕಳಿ” ಎಂದಳು ಬೋರಮ್ಮ ಹೊರಗಿನಿಂದ. “ಬೀಡಿ ವಾಸ್ನೆ ಬತ್ತಾ ಐತೆ.”

“ಬೆಳಗ್ಗೆ ಟೀ ಅಂಗಡೀಲಿ ಒಂದೇ ಒಂದು ಸೇದಿದ್ದು ಕಣೆ!”

“ಸ್ನಾನ ಮಾಡ್ಕಂಡು ಬನ್ನಿ.”

“ಲೇ ಬೋರಿ, ನಾನು ಕೂಲಿಗೆ ಬಂದೋನಲ್ಲ.”

“ಕೂಲಿಯೋರಾಗಿದ್ರೆ ಒಂದೇ ಸಲ ಯೋಳಿದ್ರೆ ಕೇಳೋರು.”

ಚೆಲುವಯ್ಯ ಗೊಣಗುತ್ತ ಸ್ನಾನ ಮಾಡಿ ಬಂದ. ಮೊದಲ ದಿನ ಕಸದ ಜೊತೆ ಒಂದು ಮೊರ ಹುಳುವನ್ನೂ ಬಾಚಿಹಾಕಿದ. ಕಿಟಕಿಯ ಜಾಲರಿಯಾಚೆ ಮಾಸ್ಕು ಹಾಕಿಕೊಂಡು ನಿಂತ ಬೋರಮ್ಮ, “ಅಯ್ಯೋ, ಅವು ಕಲ್ಲಲ್ಲ, ಜೀವ! ಬಲೆ ಹಾಸಿ, ಹುಳ ಮೇಲಕ್ಕೆ ಹತ್ತಾಗಂಟ ಕಾಯಿರಿ, ಆಮೇಲೆ ಎತ್ತಿ” ಎಂದು ಬೆರಳು ತೋರಿಸಿ ಹೇಳಿಕೊಟ್ಟಳು. ಹದಿನೈದು ದಿನಕ್ಕೆ ಅವನ ಕೈ ಹದಕ್ಕೆ ಬಂತು. ಕಸವನ್ನು ಒಣಗಗೊಡದೆ ನೀರು ಚಿಮುಕಿಸಿ ಎತ್ತಿದರೆ ಧೂಳೇಳುವುದಿಲ್ಲ ಎಂದು ಅವನೇ ಕಂಡುಕೊಂಡ.

ಟೀ ಅಂಗಡಿಯಲ್ಲಿ ಹುಚ್ಚಯ್ಯ ಕಾದಿದ್ದ. ಇಬ್ಬರೂ ಒಂದೇ ವಾರಿಗೆಯವರು, ಚಡ್ಡಿ ಹಾಕುವ ಕಾಲದಿಂದ ಒಬ್ಬರನ್ನೊಬ್ಬರು ಕೆಣಕಿಕೊಂಡೇ ಬೆಳೆದವರು.

“ಏನ್ಲಾ ಚೆಲುವ, ಹಿಕ್ಕೆ ಬಾಚೋಕೆ ಸೇರ್ಕಂಡ್ಯಂತೆ? ನಾಳೆ ರಂಗೋಲೇನೂ ಬುಡ್ತೀಯೇನ್ಲಾ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಚೆಲುವಯ್ಯ ಟೀ ಲೋಟ ಕೆಳಗಿಟ್ಟ. “ಹೂಂ ಕಣ್ಲಾ. ಇಪ್ಪತ್ತಾರು ವರ್ಸ ಅವ್ಳು ಬಾಚಿದ್ಲು, ನಾನು ಮಾರ್ಕೆಟ್ನಲ್ಲಿ ಮೀಸೆ ತಿರುವ್ದೆ. ಈಗ ಗೊತ್ತಾಯ್ತು ಮೀಸೆ ಯಾರ್ದು ಅಂತ. ನಿನ್ನ ಹುಳುಮನೇಲಿ ಹೋದ್ ಬೆಳೆಗೂ ಸುಣ್ಣಕಟ್ಟು ಬಂತಲ್ಲ, ಬಾ ನಾಳಿಕೆ, ಕಸ ಎತ್ತೋದು ಕಲಿಸ್ತೀನಿ. ಕಾಲು ಮಾತ್ರ ಅದ್ಬೇಕು, ಮೊದ್ಲೇ ಯೋಳಿವ್ನಿ.”

ಈ ಮಾತು ಅಂದು ಸಂಜೆಯೇ ಬೋರಮ್ಮನ ಕಿವಿಗೆ ಬಂತು. ರಾತ್ರಿ ಊಟಕ್ಕೆ ಅವನ ಮುದ್ದೆಯ ಗುಳಿಗೆ ಮಾತ್ರ ಒಂದು ಚಮಚ ತುಪ್ಪ ಜಾಸ್ತಿ ಬಿತ್ತು.

ಮಾತ್ರೆ ಸುಲಭದ್ದಾಗಿರಲಿಲ್ಲ. ಬಾಯಿ ರುಚಿ ಕೆಟ್ಟಿತು. ಮೂರನೇ ತಿಂಗಳು ಕಾಲು ಊದಿಕೊಂಡಾಗ ಡಾಕ್ಟರು ಕರೆಸಿಕೊಂಡು ಪರೀಕ್ಷೆ ಮಾಡಿ ಮಾತ್ರೆಯ ಅಳತೆ ಬದಲಿಸಿದರು. ಬೋರಮ್ಮ ಬೆಳಗಿನ ಸೊಪ್ಪು ಹಾಕಿ ಬಂದು ಒಂದು, ಸಂಜೆ ಸೊಪ್ಪು ಹಾಕಿ ಬಂದು ಒಂದು ನುಂಗುತ್ತಿದ್ದಳು. ಹುಳುಮನೆಯ ಗೋಡೆಯ ಮೇಲೆ ಯಾವ ದಿನ ಯಾವ ಜ್ವರ ಎಂದು ಇದ್ದಲಿನಲ್ಲಿ ಗೀಚುತ್ತಿದ್ದ ಜಾಗದ ಪಕ್ಕದಲ್ಲೇ ಮಾತ್ರೆಗೂ ಒಂದು ಸಾಲು ಗೀಟು ಶುರುವಾಯಿತು. ಆ ಸಾಲಿನಲ್ಲಿ ಎಲ್ಲಿಯೂ ಸಂದು ಬಿದ್ದಿರಲಿಲ್ಲ. ನಾಲ್ಕನೇ ತಿಂಗಳ ಹೊತ್ತಿಗೆ ಕೆಮ್ಮಿನಲ್ಲಿ ಕೆಂಪು ಕಾಣುವುದು ನಿಂತಿತು. ಐದನೆಯದಕ್ಕೆ ಕುಪ್ಪಸದ ಒಂದು ಹೊಲಿಗೆ ಬಿಚ್ಚಬೇಕಾಯಿತು.

ಆರನೇ ತಿಂಗಳ ಸ್ಕ್ಯಾನಿಗೆ ಕೊಟ್ಟ ದಿನವೇ ಹುಳು ಹಣ್ಣಾದವು.

ಹಣ್ಣಾದ ಹುಳು ಅಂದರೆ ಮೇವು ಬಿಟ್ಟು, ಮೈ ಜೇನಿನ ಬಣ್ಣಕ್ಕೆ ತಿರುಗಿ, ನೂಲು ಬಿಡಲು ಜಾಗ ಹುಡುಕುತ್ತ ತಲೆಯೆತ್ತುವ ಹುಳು. ಅವನ್ನು ಅಂದೇ ಆರಿಸಿ ಗೂಡು ಕಟ್ಟಲು ಸುರುಳಿಯಾಗಿ ಹೆಣೆದ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಂಕಿಗೆ, ಬಿಡಬೇಕು. ತಡವಾದರೆ ನೂಲು ನೆಲದ ಪಾಲು. ಈ ಇಪ್ಪತ್ತಾರು ವರ್ಷದಲ್ಲಿ ಹಣ್ಣಿನ ದಿನ ಬೋರಮ್ಮ ಮನೆ ಬಿಟ್ಟಿದ್ದೇ ಇಲ್ಲ. ತಮ್ಮನ ಮದುವೆಗೆ ಮಾಗಡಿಗೂ ಹೋಗಿರಲಿಲ್ಲ. ಬೆಳಗ್ಗೆ ಒಂದು ಹುಳುವನ್ನು ಬೆಳಕಿಗೆ ಹಿಡಿದು ನೋಡಿದಳು. ಮೈಯಾಚೆ ಬೆರಳು ಕಾಣುತ್ತಿತ್ತು.

“ಸ್ಕ್ಯಾನು ನಾಡಿದ್ದಿಗೆ ಹಾಕ್ಸಿದ್ರೆ?” ಎಂದಳು ಮೆಲ್ಲಗೆ.

ಚೆಲುವಯ್ಯ ಚಂದ್ರಂಕಿ ಹೊರಗೆ ಒರಗಿಸುತ್ತಿದ್ದ. “ಹಣ್ಣು ಆರ್ಸಾಕೆ ನಂಗೂ ಕಣ್ಣವೆ. ಪ್ರತಿಮಾ ಡೈರಿಗೆ ರಜಾ ಹಾಕವ್ಳೆ. ಮಾತು ಕೊಟ್ಟಿರೋಳು ನೀನು. ಹೋಗು.”

ಬೋರಮ್ಮ ಮೊದಲ ಸಲ ಒಬ್ಬಳೇ ರೈಲು ಹತ್ತಿದಳು. ಬಿಡದಿ ದಾಟುವವರೆಗೂ ಅವಳ ಕೈ ಮಡಿಲಲ್ಲಿ ತಾನಾಗಿ ಹುಳು ಆರಿಸುತ್ತಲೇ ಇತ್ತು.

ಡಾಕ್ಟರ್ ಮುನವ್ವರಾ ಹಳೆಯ ಸ್ಕ್ಯಾನನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಬೋರಮ್ಮ ಅವರ ಮುಖವನ್ನೇ ನೋಡುತ್ತಿದ್ದಳು.

“ಉಂಡೆ ಅರ್ಧ ಆಗಿದೆ. ಗುಂಡಿ ಗೋಡೆ ತೆಳ್ಳಗಾಗಿದೆ. ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲಮ್ಮ, ಇದು ಜೊತೇಲಿ ಇದ್ದೇ ಇರೋ ಕಾಯಿಲೆ. ಮಾತ್ರೆ ಇನ್ನೂ ಆರು ತಿಂಗಳು, ಆಮೇಲೆ ನೋಡೋಣ. ಒಂದೂ ತಪ್ಪಿಸಿಲ್ಲ ಅಲ್ವಾ?”

“ಗೋಡೆ ಮೇಲೆ ಗೀಟವೆ. ಬಂದು ಎಣಿಸ್ಕಳಿ.”

“ಎಣಿಸೋದು ಬೇಡ, ಎದೆ ಹೇಳ್ತಿದೆ.”

“ಹುಳ?”

“ಮೇಯಿಸಿ” ಎಂದರು ಡಾಕ್ಟರು. “ಮೂರು ಕೆಲಸ ಮಾತ್ರ ಇನ್ನು ಯಾವತ್ತೂ ನಿಮ್ದಲ್ಲ.”

ಊರಿಗೆ ಬರುವಾಗ ಸಂಜೆ ಬಿಸಿಲು ಹುಳುಮನೆಯ ಹೆಂಚಿನ ಮೇಲಿತ್ತು. ಬೋರಮ್ಮ ಚೀಲವನ್ನು ಜಗಲಿಗೆ ಎಸೆದು ನೇರ ಬಾಗಿಲಿಗೇ ನಡೆದಳು. ಒಳಗೆ ಸಾಲಾಗಿ ಚಂದ್ರಂಕಿ ನಿಲ್ಲಿಸಿದ್ದರು. ಸುರುಳಿ ಸುರುಳಿಯಲ್ಲೂ ಹುಳು ತಲೆಯಾಡಿಸುತ್ತ ನೂಲು ಎಳೆಯುತ್ತಿತ್ತು. ಒಂದು ಕಡೆ ಹುಳು ಒತ್ತಾಗಿ ಬಿದ್ದಿವೆ ಎಂದು ಅವಳ ಕಣ್ಣಿಗೆ ಆಗಲೇ ಕಂಡಿತು. ಒಂದು ಕಾಲು ಎತ್ತಿದಳು.

“ನಿಂತ್ಕೊ!”

ಹಣೆಯವರೆಗೂ ಬೆವತ ಚೆಲುವಯ್ಯ ಒಳಗಿನಿಂದ ಬಂದು ಬಾಗಿಲಿಗೆ ಅಡ್ಡ ನಿಂತ. ಮೂಗಿನ ಮೇಲೆ ಮಾಸ್ಕು, ತಲೆಗೆ ಟವೆಲು.

“ರೈಲು, ಬಸ್ಸು, ಆಸ್ಪತ್ರೆ, ಎಲ್ಲಾ ತುಳ್ಕಂಡು ಬಂದವ್ಳೆ. ಕಾಲು ಅದ್ದೋರು ಯಾರು? ಮಾಸ್ಕೆಲ್ಲಿ?”

ಹಿಂದೆ ನಿಂತಿದ್ದ ಪ್ರತಿಮಾ ಕಿಸಕ್ಕನೆ ನಕ್ಕಳು. ಬೋರಮ್ಮ ಗಂಡನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಇಲಾಖೆಯ ಸಾಹೇಬರನ್ನು ತಾನು ತಡೆದು ನಿಲ್ಲಿಸಿದ ದಿನ ತನ್ನ ಮುಖ ಹೀಗೇ ಇದ್ದಿರಬೇಕು ಅನ್ನಿಸಿತು. ಸೆರಗಿನ ಗಂಟಿನಿಂದ ಮಾಸ್ಕು ತೆಗೆದು ಕಟ್ಟಿಕೊಂಡಳು. ಸೀರೆಯ ನಿರಿಗೆ ಎತ್ತಿ ಹಿಡಿದು, ಎರಡೂ ಪಾದಗಳನ್ನು ತೊಟ್ಟಿಯಲ್ಲಿಟ್ಟು, ಅವನು ಸಾಕು ಎನ್ನುವವರೆಗೂ ನಿಂತಳು.

“ಎಡಗಡೆ ಮೂರ್ನೇ ಚಂದ್ರಂಕೀಲಿ ಹುಳ ಒತ್ತಾಗವೆ” ಎಂದಳು ಒಳಗೆ ಹೋಗುತ್ತ.

“ಗೊತ್ತು ಕಣೆ” ಎಂದ ಚೆಲುವಯ್ಯ. “ನಿಂಗೇ ಅಂತ ಬುಟ್ಟಿದ್ದು.”